ತಗಡಿನ ಡಬ್ಬಿ

ಬೀರುವಿನ ಕೆಳಗಿನ ಖಾನೆಯೊಳಗೆ ಸೂಪರ್‌ವೈಸರ್ ಸುಘೋಷನ ಕೈ ಭುಜದವರೆಗೆ ಹೋಗಿತ್ತು.

"ಏನ್ ಸಾರ್, ಓನರ್ ಬೀರೂಲಿ?" ಹಿಂದಿನಿಂದ ಹೊಲಿಗೆಯ ಚಿನ್ನಮ್ಮ ಕೇಳಿದಳು.

"ಇಲಿ," ಎಂದುಬಿಟ್ಟ.

ಹುಡುಕುತ್ತಿದ್ದುದು ತನ್ನದೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಮಾಚೇನಹಳ್ಳಿಯ ಆ ಟಾರ್ಪಾಲಿನ್ ಕಾರ್ಖಾನೆಗೆ ಸೇರಿದವರ ಅಸಲು ಕಾರ್ಡು, ಯಾರೂ ಬಿಟ್ಟುಹೋಗದಿರಲಿ ಅಂತ, ಮಾಲೀಕ ಭೈರಪ್ಪನವರ ಬೀರು ಸೇರುತ್ತಿತ್ತು. ಕೇಳಿದವರನ್ನು ಅವರು ತಿಂಗಳುಗಟ್ಟಲೆ ಅಲೆಸುತ್ತಿದ್ದರು. ಇವತ್ತು ನಾಲ್ಕರೊಳಗೆ ಅದನ್ನು ಭದ್ರಾವತಿಯ ಕೈಗಾರಿಕಾ ಕಚೇರಿಯಲ್ಲಿ ತೋರಿಸಿದರೆ ಸುಘೋಷನಿಗೆ ಕಾರ್ಖಾನೆ ಹಾಕಲು ಸ್ವಂತ ಶೆಡ್ಡು, ಇಲ್ಲದಿದ್ದರೆ ಇನ್ನೊಬ್ಬನಿಗೆ. ಭೈರಪ್ಪ ಊಟಕ್ಕೆ ಗೋಪಾಳದ ಮನೆಗೆ ಹೋಗಿದ್ದರು. ಗಂಟೆ ಎರಡೂವರೆ.

ಈ ಸ್ವಂತ ಶೆಡ್ಡಿನ ಹುಚ್ಚು ಹಿಡಿಸಿದ್ದು ಒಂದು ಪುಸ್ತಕ. ಇನ್ನೂರು ವರ್ಷದ ಹಿಂದೆ ಅಮೆರಿಕದಲ್ಲಿ, ಗುಲಾಮನಲ್ಲದ ಕಪ್ಪು ಮನುಷ್ಯನೊಬ್ಬ ಬಿಳಿಯನ ಕೈಕೆಳಗೆ ಹಡಗಿನ ಹಾಯಿ ಹೊಲಿಯಲು ಕಲಿತು, ಕೊನೆಗೆ ಆ ಕಾರ್ಖಾನೆಯನ್ನೇ ಕೊಂಡ. ಬಿಳಿಯರನ್ನೂ ಕಪ್ಪು ಜನರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ದುಡಿಸಿದ. ಆದರೂ ಬೀದಿಗಿಳಿದರೆ ಯಾರಾದರೂ ಹಿಡಿದು ಮಾರಿಯಾರೆಂದು, 'ಇವನು ಸ್ವತಂತ್ರ' ಎಂಬ ಕಾಗದವನ್ನು ತಗಡಿನ ಡಬ್ಬಿಯಲ್ಲಿಟ್ಟು ಜೇಬಿನಲ್ಲೇ ಹೊತ್ತು ತಿರುಗುತ್ತಿದ್ದ. ಸುಘೋಷ ಇದನ್ನೆಲ್ಲ ಊಟದ ಹೊತ್ತಿನಲ್ಲಿ ಕಾರ್ಖಾನೆಗೇ ಓದಿ ಹೇಳಿದ್ದ.

"ಇಲಿಯಂತೆ, ಬನ್ರೋ!" ಚಿನ್ನಮ್ಮ ಕೂಗಿದಳು. ಹೊಲಿಗೆ ಯಂತ್ರಗಳು ನಿಂತವು. ಕೆಲಸಗಾರ ಕೃಷ್ಣಪ್ಪ ಕಬ್ಬಿಣದ ಸರಳು ಹಿಡಿದು ಬಂದ.

"ಸರೀರಿ ಸಾರ್, ಪುಳಿಚಾರು ತಿನ್ನೋರ ಕೈಲಿ ಆಗೋ ಕೆಲ್ಸ ಅಲ್ಲ ಇದು."

"ಓಡೋಯ್ತು ಮಾರಾಯ!"

"ಎಲ್ಲಿಗ್ ಓಡುತ್ತೆ? ಬೀರು ಎಳೀರೋ!"

ನಾಲ್ವರು ಎಳೆದರು. ಬೀರು ಕುಡುಕನಂತೆ ವಾಲಿ ಕಡತಗಳನ್ನೆಲ್ಲ ಕಕ್ಕಿತು. ಮೂರು ಗಂಟೆ. ಬಾಗಿಲಲ್ಲಿ ಭೈರಪ್ಪ.

"ಏನ್ರೋ ಇದು?"

"ಸುಘೋಷ ಸಾರ್ ಇಲಿ ಹಿಡೀತಿದಾರೆ," ಎಂದ ಕೃಷ್ಣಪ್ಪ.

ಸುಘೋಷನ ಕಾಲ ಬುಡದಲ್ಲೇ ಅವನ ಹೆಸರಿನ ಲಕೋಟೆ. ಬಾಚಿ ಎದೆಗೊತ್ತಿಕೊಂಡ.

"ಸಾರ್, ನಾನು ಕೆಲ್ಸ ಬಿಟ್ಟೆ! ಸ್ವಂತ ಶೆಡ್ ಹಾಕ್ತೀನಿ!"

ಲಕೋಟೆ ಮಿಸುಕಿತು. ಅದರ ತೂತಿನಿಂದ ಇಲಿಮರಿಯೊಂದು ಜಾರಿ ಅವನ ಅಂಗಿಯೊಳಗೆ ನುಗ್ಗಿತು. ಹಿಂದೆಯೇ ಮಾರ್ಕ್ಸ್ ಕಾರ್ಡು ಚೂರುಚೂರಾಗಿ ಅವಲಕ್ಕಿಯಂತೆ ಉದುರಿತು.

"ಆ ಅಮೆರಿಕಾದೋನು ತಗಡಿನ ಡಬ್ಬೀಲಿ ಇಟ್ಕೊತಿದ್ದ ಅಂತ ನೀವೇ ಅಲ್ವಾ ಸಾರ್ ಹೇಳಿದ್ದು?" ಎಂದಳು ಚಿನ್ನಮ್ಮ.

ಭೈರಪ್ಪ ಒಂದು ಚೂರು ಎತ್ತಿ ನೋಡಿದರು. "ಪಾಪ. ಶೆಡ್ಡೂ ಹೋಯ್ತು, ಕೆಲ್ಸಾನೂ ಬಿಟ್ಟೆ. ಹೋಗ್ಲಿ, ನಾಳೆಯಿಂದ ಮ್ಯಾನೇಜರ್ ಆಗಿ ಬಾರಯ್ಯ. ಹೊಸಾ ಕಾರ್ಡ್ ಬಂದ್ಮೇಲೆ ತಂದ್ಕೊಡು. ಈ ಸಲ ನಾನೇ ಒಂದು ತಗಡಿನ ಡಬ್ಬಿ ತರ್ಸಿ, ಭದ್ರವಾಗಿ ಇಡ್ತೀನಿ."

ಇಲಿಮರಿ ಬೆನ್ನಿನ ಕಡೆ ಹೊರಟಿತ್ತು. ಸುಘೋಷ ಅಲುಗಾಡಲಿಲ್ಲ.

"ಕಾರ್ಡ್ ಕೊಡಲ್ಲ," ಎಂದ.