ಎಮ್ಮೆ ತರಲು ಹೋದ ಅವ್ವ ಮೋಟಾರು ತಂದದ್ದು

ನಮ್ಮವ್ವನಂಥ ಜಾಣೆ ಇಡೀ ಆಳಂದ ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ. ಆದರೆ ಆಕೆಯನ್ನು ಎಮ್ಮೆ ತರಲು ಮಾತ್ರ ಕಳಿಸಬಾರದು! ಕಳಿಸಿದವನು ನಮ್ಮಪ್ಪ. ಅನುಭವಿಸಿದವಳು ನಾನು.

ಅವ್ವನ ತವರು ಜೇವರ್ಗಿ ಕಡೆಯ ಇಜೇರಿ. ಅಲ್ಲಿ ಒಳ್ಳೆಯ ಹಾಲಿನ ಎಮ್ಮೆ ಸಿಗುತ್ತದೆಂದು ಯಾರೋ ಅಪ್ಪನ ಕಿವಿಯಲ್ಲಿ ಊದಿದ್ದರು. ದೀಪಾವಳಿ ಮುಗಿದದ್ದೇ ಅವ್ವ ಹೊರಟಳು. ಎರಡು ದಿನ ಬಿಟ್ಟು ಸಂಜೆ ಮನೆ ಮುಂದೆ ಟೆಂಪೊ ಬಂದು ನಿಂತಿತು. ಹೊಸ ಎಮ್ಮೆ ಬರುತ್ತದೆಂದು ಅಪ್ಪ ಕಾಲಿಗೆ ಹಾಕಲು ತಂಬಿಗೆ ನೀರು, ಆರತಿ ತಟ್ಟೆ, ಒಂದು ಹೊರೆ ಕಣಿಕೆ ಮೇವು ಎಲ್ಲ ಸಿದ್ಧ ಮಾಡಿಕೊಂಡು ನಿಂತಿದ್ದ. ಟೆಂಪೊದವನು ತಾಡಪತ್ರಿ ಸರಿಸಿದ. ಒಳಗೆ ಉದ್ದ ಮೂತಿಯ, ಮೇಲೆ ಚಾವಣಿ ಇಲ್ಲದ, ಎರಡೇ ಸೀಟಿನ ಒಂದು ಹಳೆಯ ವಿಲಾಯತಿ ಕಾರು! ಒಂದು ಕಾಲದಲ್ಲಿ ಕೆಂಪಗಿತ್ತಂತೆ. ಈಗ ಅದರ ಬಣ್ಣಕ್ಕೆ ಹೆಸರಿಲ್ಲ. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವು ಕೂತಿತ್ತು.

ಅಪ್ಪ ಬಗ್ಗಿ ಅದರ ಹೊಟ್ಟೆಯ ಕೆಳಗೆ ಇಣುಕಿ ನೋಡಿದ. ಆಮೇಲೆ ಕೇಳಿದ.

"ಇದು ದಿನಾ ಎಷ್ಟ್ ಲೀಟರ್ ಕೊಡ್ತದಬೇ?"

"ಕೊಡಂಗಿಲ್ರಿ," ಅಂದಳು ಅವ್ವ, "ಕುಡೀತದ."

ಅಷ್ಟು ಹೇಳಿ ಅಪ್ಪನ ಕೈಯಿಂದ ತಂಬಿಗೆ ಕಿತ್ತುಕೊಂಡು ಮುಂದಿನ ಎರಡು ಗಾಲಿಗೆ ನೀರು ಹಾಕಿ, ಮೂತಿಗೆ ಕುಂಕುಮ ಹಚ್ಚಿ, ಆರತಿ ಬೆಳಗಿಯೇ ಬಿಟ್ಟಳು. ಕಣಿಕೆ ಮಾತ್ರ ಹಾಕಲಿಲ್ಲ, ಪುಣ್ಯ!

ಹುಚ್ಚು ಅಂದುಕೊಂಡಿರಾ? ನಾನೂ ಅಂದುಕೊಂಡೆ. ಆದರೆ ರಾತ್ರಿ ಊಟಕ್ಕೆ ಕೂತಾಗ ಅವ್ವ ವಿಷಯ ಬಿಚ್ಚಿದಳು. ಅದು ಇಜೇರಿಯ ದೊಡ್ಡ ವಾಡೆಯವರ ಕಾರು. ವಾಡೆಯ ಸಾಹುಕಾರರು ಹೈದರಾಬಾದಿನಿಂದ ತರಿಸಿದ್ದಂತೆ. ಅದನ್ನು ತೊಳೆದು ಒರೆಸುವ ಕೆಲಸ ಅವ್ವನ ಅಪ್ಪನದು, ಅಂದರೆ ನಮ್ಮ ಮುತ್ಯಾನದು. ಕಾರು ಊರೊಳಗೆ ಬಂದರೆ ಮುಂದೆ ಓಡಿ ಆಡು ಕುರಿ ಸರಿಸುವುದೂ ಅವನೇ. ಅವ್ವ ಸಣ್ಣವಳಿದ್ದಾಗ ಬಕೆಟ್ಟು ಹಿಡಿದು ಜೊತೆಗೆ ನಿಲ್ಲುತ್ತಿದ್ದಳು. ಈಗ ವಾಡೆಯವರು ಹಳೆಯ ಸಾಮಾನೆಲ್ಲ ಗುಜರಿಗೆ ಹಾಕುತ್ತಿದ್ದರು. ಎಮ್ಮೆಯ ದುಡ್ಡು ಅಲ್ಲಿ ಖರ್ಚಾಯಿತು.

"ನಮ್ಮಪ್ಪ ಹರೇದಾಗಿಂದ ಇದರ ಮೈ ತೊಳದಾನ. ಒಂದ್ ದಿನಾನೂ ಒಳಗ ಕುಂತಿಲ್ಲ. ಕೂಡು ಅಂತ ಅವರು ಅನ್ಲಿಲ್ಲ, ಕೂಡ್ಲೇನು ಅಂತ ಇವ ಕೇಳ್ಲಿಲ್ಲ. ಅವ ಕಣ್ಣು ಮುಚ್ಚೂದ್ರೊಳಗ ಅವನ್ನ ಇದರಾಗ ಕೂಡಸ್ತೇನಿ. ಅಷ್ಟೇ."

"ಹಂಗಾದ್ರ ವಾಡೇದಾಗೇ ಕೂಡಿಸಿ ಬರಬೇಕಿತ್ತಲಾ," ಅಂದ ಅಪ್ಪ.

"ನಿಂತ ಗಾಡ್ಯಾಗ ಕೂಡಾಕ ಅದೇನು ಕಟ್ಟಿ ಏನ್ರಿ? ಓಡಬೇಕು!"

ಮುತ್ಯಾನಿಗೆ ಆಗಲೇ ಎಂಬತ್ತು ದಾಟಿ ಎಷ್ಟೋ ವರ್ಷವಾಗಿತ್ತು. ಕಣ್ಣು ಮಂಜು. ಕಾರಿನ ಸ್ಥಿತಿಯೂ ಹೆಚ್ಚು ಕಡಿಮೆ ಅದೇ. ಯಾರು ಮೊದಲು ಹೋಗುತ್ತಾರೋ ಎಂಬ ಅಂಜಿಕೆ ಆ ದಿನದಿಂದಲೇ ನಮ್ಮ ಮನೆಯಲ್ಲಿ ಸೇರಿಕೊಂಡಿತು.

ಇನ್ನು ರಿಪೇರಿ. ಆಳಂದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಯಂತ್ರವಿದ್ಯೆಯಲ್ಲಿ ನನ್ನ ಪರಿಣತಿ ಎಂದರೆ ಒಳಗೆ ಸಿಕ್ಕಿಬಿದ್ದ ಕಾಗದ ಎಳೆಯುವುದು. ಅವ್ವನಿಗೆ ಅಷ್ಟು ಸಾಕಾಯಿತು.

"ದಿನಾ ಆ ಮಷೀನ್ ಬಿಚ್ಚಿ ಹಾಕ್ತಿ. ಅದರಾಗೂ ಗಾಲಿ ಅದಾವು, ಇದರಾಗೂ ಗಾಲಿ ಅದಾವು. ಏನ್ ಫರಕಬೇ?"

ಹೊಲದ ಬಾವಿಗೆ ಕೂಡಿಸಿದ ಡೀಸೆಲ್ ಎಂಜಿನ್ನನ್ನು ಬೈದು ಬೈದೇ ಚಾಲೂ ಮಾಡುತ್ತಿದ್ದವಳು ಆಕೆ. ಟ್ರ್ಯಾಕ್ಟರ್ ಹೊಡೆಯುತ್ತಾಳೆ. ನಾನು ಮೊಬೈಲಿನಲ್ಲಿ ವಿಡಿಯೊ ನೋಡಿ ಹೇಳುವುದು, ಆಕೆ ಅದನ್ನು ಕೇಳದೆ ಇನ್ನೊಂದು ಬಿಚ್ಚುವುದು, ಹೀಗೆ ಕೆಲಸ ಶುರುವಾಯಿತು.

ಮೊದಲ ವಾರ ಟ್ರ್ಯಾಕ್ಟರ್ ಮೆಕ್ಯಾನಿಕ್ ಮಸ್ತಾನ್ ಚಾಚಾ ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಬಾನೆಟ್ ಎತ್ತಿ ನೋಡಿ, ಮೆಲ್ಲಗೆ ಮುಚ್ಚಿ, ಎದೆಯ ಮೇಲೆ ಕೈ ಇಟ್ಟುಕೊಂಡರು.

"ಬೆಹನ್, ಇದಕ್ಕ ಸ್ಪೇರ್ ಪಾರ್ಟ್ ಅಲ್ಲ, ದುವಾ ಬೇಕು."

"ದುವಾ ನೀವು ಮಾಡ್ರಿ ಚಾಚಾ. ನಟ್ಟು ಬಿಚ್ಚೂ ಪಾನಾ ನಾವು ಹಿಡೀತೇವಿ."

ಚಾಚಾ ನಕ್ಕು ಚಹಾ ಕುಡಿದು ಹೋದರು. ಹೋದವರು ಮುಂದಿನ ಐತವಾರ ಮತ್ತೆ ಬಂದರು. ಆಮೇಲೆ ಪ್ರತಿ ಐತವಾರ ಬಂದರು. ಕೇಳಿದರೆ, "ನಿಮ್ಮ ಮನೀ ಚಹಾ ಛಲೋ ಇರ್ತದ" ಅನ್ನುತ್ತಿದ್ದರು. ಚಹಾ ಕುಡಿಯಲು ಬರುವವರು ಯಾರಾದರೂ ಗ್ರೀಸಿನ ಡಬ್ಬಿ ಹಿಡಿದುಕೊಂಡು ಬರುತ್ತಾರೆಯೇ?

ಕಾರಿನ ಕೆಲಸ ಮುಂದೆ ಹೋದಂತೆ ಅಡುಗೆ ಮನೆ ಖಾಲಿಯಾಗುತ್ತ ಬಂತು. ಬಂಪರಿನ ಜಂಗು ತಿಕ್ಕಲು ಹುಣಸೆಹಣ್ಣು ಹೋಯಿತು. ಎಂಜಿನ್ ಸದ್ದು ಕೇಳಲು ಲಟ್ಟಣಿಗೆ ಹೋಯಿತು. ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಅವ್ವನ ಕಿವಿಗೆ. "ಹೊಟ್ಟ್ಯಾಗ ಗುಡುಗುಡು ಅನ್ನಾಕತ್ತದ" ಅನ್ನುತ್ತಿದ್ದಳು. ಬರೀ ಕೈಯಿಂದ ತಿರುಗಿಸುತ್ತಿದ್ದ ಎಂಜಿನ್ನು ಅದು, ಇನ್ನೂ ಚಾಲೂ ಆಗಿರಲೇ ಇಲ್ಲ! ರೇಡಿಯೇಟರ್ ಸೋರತೊಡಗಿದಾಗ ಅರಿಶಿಣದ ಡಬ್ಬಿಯೇ ಅದರೊಳಗೆ ಹೋಯಿತು. ಸೋರುವುದು ಅರ್ಧ ನಿಂತಿತು. ಆ ಸಂಜೆ ನಮ್ಮ ತಟ್ಟೆಗೆ ಬಿದ್ದ ಬೇಳೆ ಬೆಳ್ಳಗಿತ್ತು. ಹುಳಿಯೂ ಇರಲಿಲ್ಲ.

"ಗಾಡಿ ಉಂಡು ಉಳದ್ರ ನಮಗೂ ಒಂದೀಟು ಹಾಕು," ಅಂದ ಅಪ್ಪ.

ಹಾರ್ನ್ ತರಲು ಅಫಜಲಪುರ ತಾಲ್ಲೂಕಿನ ಹವಳಗಾಕ್ಕೆ ಹೋದದ್ದು ಇನ್ನೊಂದು ಕಥೆ. ಅಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ, ಒಂದೊಂದರ ಹಾರ್ನೂ ಒಂದೊಂದು ರಾಗ. ಅವ್ವ ಸಾಲಿನ ಉದ್ದಕ್ಕೂ ನಡೆದು, ಪ್ರತಿ ಡ್ರೈವರನಿಗೂ "ಒಂದ್ ಸಲ ಒತ್ತಪಾ" ಎಂದು ಒತ್ತಿಸಿ, ಸೀರೆ ಆರಿಸುವ ಹಾಗೆ ಹಾರ್ನ್ ಆರಿಸಿದಳು. ಕೊನೆಗೆ ಶಹನಾಯಿಯಂತೆ ಊದುವ ಒಂದನ್ನು ಅಂಗಡಿಯಲ್ಲಿ ಹುಡುಕಿ ತಂದೆವು. ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ಕೆಲಸ ಮಾಡಿದ್ದು ಅದೇ. ಬೆಳಿಗ್ಗೆ ಎದ್ದ ತಕ್ಷಣ ಅವ್ವ ಒಮ್ಮೆ ಒತ್ತಿ ನೋಡುತ್ತಿದ್ದಳು. ಗಾಡಿ ಚಾಲೂ ಆಗಲಿಲ್ಲ. ಓಣಿ ಚಾಲೂ ಆಗುತ್ತಿತ್ತು.

ಹ್ಯಾಂಡ್ ಬ್ರೇಕ್ ಮಾತ್ರ ಯಾರ ಕೈಗೂ ಬಗ್ಗಲಿಲ್ಲ. ಅಂಗಳ ಇಳಿಜಾರು. ಅವ್ವ ಒಂದು ಕ್ಷಣವೂ ಯೋಚಿಸದೆ ಎಮ್ಮೆಗೆಂದು ತಂದಿಟ್ಟ ಹಗ್ಗದಿಂದ ಕಾರನ್ನು ಗೂಟಕ್ಕೆ ಕಟ್ಟಿದಳು. ಚಳಿ ಬಿದ್ದಾಗ ಕೌದಿ ಹೊದಿಸಿದಳು. ಹೋಗಿ ಬರುವವರು, "ಯಾಕ್ರೀ, ಕಟ್ಟೀರಲಾ?" ಎಂದು ಕೇಳಿದರೆ, "ಬಿಟ್ರ ಮಂದೀ ಹೊಲಕ್ಕ ಹೋಗ್ತದರಿ" ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಗೂಟ ಅಲುಗಾಡುತ್ತಿದೆಯೆಂದು ಹಗ್ಗದ ತುದಿಯನ್ನು ಬಿಚ್ಚಿ ಅಪ್ಪನ ಹೊರಸಿನ ಕಾಲಿಗೆ ಕಟ್ಟಿದಳು. ಅಪ್ಪ ಅದರ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ಭಾರಕ್ಕೆ ಭಾರ! ಆಮೇಲೆ ನಾವು ಎಂದಿನ ಹಾಗೆ ಕೀಲಿ ತಿರುಗಿಸಿದೆವು. ಎಂದಿನ ಹಾಗೆ ಅದು ಕೆಮ್ಮಿತು. ಆಮೇಲೆ ಎಂದಿನ ಹಾಗೆ ಸುಮ್ಮನಾಗುವುದನ್ನು ಬಿಟ್ಟು, ಗರ್ರ್ ಎಂದು ಹೊಗೆ ಬಿಟ್ಟು ಎಂಜಿನ್ ಚಾಲೂ ಆಗೇಬಿಟ್ಟಿತು! ಖುಷಿಯಲ್ಲಿ ಅವ್ವ ಗೇರ್ ಹಾಕಿದಳು. ಕಾರು ಬೀದಿಗೆ ಜಿಗಿಯಿತು, ಹಿಂದೆ ಹೊರಸು, ಹೊರಸಿನ ಮೇಲೆ ಅಪ್ಪ.

ಬ್ರೇಕ್ ಒತ್ತಬೇಕಲ್ಲ? ಅವ್ವ ಎರಡೂ ಕೈಯಿಂದ ಸ್ಟೀರಿಂಗ್ ಹಿಂದಕ್ಕೆ ಜಗ್ಗಿ, "ಹೋ! ಹೋ! ಹೋ!" ಎಂದು ಎತ್ತಿಗೆ ಕೂಗಿದ ಹಾಗೆ ಕೂಗುತ್ತಿದ್ದಳು. ಕಾರಿಗೆ ಕನ್ನಡ ಬರುವುದಿಲ್ಲವೆಂದು ಆಕೆಗೆ ಹೇಳುವವರು ಯಾರು? ಎದುರಿನ ಜೋಳದ ಕಣಿಕೆಯ ಬಣವೆ ದೊಡ್ಡ ಮನಸ್ಸು ಮಾಡಿ ತಡೆಯಿತು.

ಅಪ್ಪ ಹೊರಸಿನ ಮೇಲೆ ಎದ್ದು ಕೂತು ಸುತ್ತ ನೋಡಿದ.

"ನಾ ಎಲ್ಲಿಗಿ ಹೊಂಟೇನಿ?"

ಯಾರಿಗೂ ಏನೂ ಆಗಿರಲಿಲ್ಲ. ಬೀದಿಯಲ್ಲೇ ನಿಂತು ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆ ನಗುವಿನಲ್ಲೇ ಅವ್ವನ ಮೊಬೈಲು ಹೊಡೆದುಕೊಂಡಿತು. ಇಜೇರಿಯಿಂದ ಮಾಮಾ. ಮುತ್ಯಾ ರೊಟ್ಟಿ ಬಿಟ್ಟಿದ್ದಾನೆ, ಬರೀ ಗಂಜಿ, ಯಾರನ್ನೂ ಗುರುತಿಸುತ್ತಿಲ್ಲ. ಅವ್ವ ಕೈಯ ಗ್ರೀಸನ್ನು ಸೆರಗಿಗೆ ಒರೆಸಿಕೊಂಡಳು. ಆಕೆ ಎಂದೂ ಸೆರಗಿಗೆ ಒರೆಸಿದವಳಲ್ಲ.

"ನಾಳೆ ಮುಂಜಾನೆ ಹೊಂಡೋಣು," ಅಂದಳು.

"ಬ್ರೇಕ್ ಇನ್ನಾ..." ಅಂದೆ ನಾನು.

"ಚಾಚಾಗ ಕರಿ."

ಚಾಚಾ ಬಂದು ಅಂದು ಚಹಾ ಕೂಡ ಕುಡಿಯದೆ ಬ್ರೇಕು ಸರಿ ಮಾಡಿದರು. ಕಾರಿನ ಕಾಗದಪತ್ರವನ್ನು ಅವರೇ ಓಡಾಡಿ ಮೊದಲೇ ಸರಿಪಡಿಸಿ ಇಟ್ಟಿದ್ದರು.

ಮರುದಿನ ನಾನು ಸ್ಟೀರಿಂಗಿಗೆ, ಅವ್ವ ಪಕ್ಕಕ್ಕೆ. ಮೇಲೆ ಚಾವಣಿ ಇಲ್ಲದ ಗಾಡಿ, ತಲೆಗೆ ಸೆರಗು ಬಿಗಿದು, ಕಣ್ಣಿಗೆ ಅಪ್ಪನ ಕಪ್ಪು ಚಷ್ಮಾ ಏರಿಸಿ ಕೂತಿದ್ದಳು. ಕಲಬುರಗಿ ದಾಟುವ ತನಕ ಬಸ್ಸಿನವರೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು. ಅವ್ವ ಪ್ರತಿಯೊಬ್ಬರಿಗೂ ಹಾರ್ನ್ ಒತ್ತಿದಳು. ಭೀಮಾ ನದಿಯ ಸೇತುವೆ ಇನ್ನೂ ಅಷ್ಟು ದೂರವಿರುವಾಗ ರೇಡಿಯೇಟರಿನಿಂದ ಹಳದಿ ನೀರು ಚಿಮ್ಮಿ, ಇಡೀ ರಸ್ತೆ ಒಗ್ಗರಣೆಯ ವಾಸನೆ ಹೊಡೆಯಿತು. ಕುಡಿಯುವ ನೀರೆಲ್ಲ ಅದಕ್ಕೆ ಹಾಕಿ ಬಿಸಿಲಲ್ಲಿ ನಿಂತೆವು. ಆಗಲೇ ಮಾಮಾನ ಫೋನು ಬಂತು. ನಾನು ಎತ್ತಲು ಹೋದೆ. ಅವ್ವ ನನ್ನ ಕೈ ಹಿಡಿದಳು.

"ಎತ್ತಬ್ಯಾಡಬೇ. ಏನ್ ಹೇಳಾಂವಿದ್ರೂ ಅಲ್ಲಿಗಿ ಹೋದ ಮ್ಯಾಲ ಹೇಳ್ಲಿ."

ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಜೇವರ್ಗಿ ದಾಟುವ ತನಕ ಅವ್ವ ಒಮ್ಮೆಯೂ ಹಾರ್ನ್ ಒತ್ತಲಿಲ್ಲ. ಇಜೇರಿ ಮುಟ್ಟಿದಾಗ ಮಾಮಾ ಅಂಗಳದಲ್ಲಿ ನಿಂತು ಕೂಗಾಡುತ್ತಿದ್ದ.

"ಫೋನ್ ಯಾಕ ಎತ್ತಂಗಿಲ್ಲ ನೀವು? ಜೇವರ್ಗಿಂದ ಜಿಲೇಬಿ ತರ್ರಿ ಅಂತ ಹೇಳಬೇಕಂದ್ರ!"

ಅವ್ವ ಕಣ್ಣಿನ ಚಷ್ಮಾ ತೆಗೆಯದೆ ಹಾಗೇ ಕೂತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ.

ಮುತ್ಯಾ ಕಟ್ಟೆಯ ಮೇಲಿದ್ದ. ಎಂಜಿನ್ ಸದ್ದಿಗೆ ಕತ್ತು ಎತ್ತಿದ. ಕೋಲೂರಿ ಎದ್ದು, ಮೆಲ್ಲಗೆ ಬಂದು, ಬಾನೆಟ್ಟಿನ ಮೇಲೆ ಕೈಯಾಡಿಸಿದ. ಯಾರನ್ನೂ ಗುರುತಿಸದವನು ಕಾರನ್ನು ಗುರುತಿಸಿದ. "ಧೂಳ ಎಷ್ಟ್ ಕುಂತದ ನೋಡು," ಎಂದು ಗೊಣಗಿ, ಹೆಗಲ ಮೇಲಿನ ಟವೆಲ್ ತೆಗೆದು ಒರೆಸಲು ಶುರು ಮಾಡಿದ.

ಅವ್ವ ಇಳಿದು ಹೋಗಿ ಆ ಕೈ ಹಿಡಿದಳು.

"ಅಪ್ಪಾ, ಒರಸಬ್ಯಾಡ. ಒಳಗ ಕೂಡು."

"ಸಾವ್ಕಾರ್ರು ಎಲ್ಲಿ?"

"ಸಾವ್ಕಾರ್ರದಲ್ಲ ಈಗ. ನಿನ್ನ ಮಗಳ ಗಾಡಿ."

ಮುತ್ಯಾ ಟವೆಲ್ ಮಡಚಿ ಮತ್ತೆ ಹೆಗಲಿಗೆ ಹಾಕಿಕೊಂಡ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ಚಪ್ಪಲ ಎಲ್ಲಿ ಬಿಡ್ಲಿ?"

ಅವನು ಆಗಲೇ ಒಂದು ಚಪ್ಪಲಿ ಬಿಟ್ಟಾಗಿತ್ತು. ಅವ್ವ ನೆಲಕ್ಕೆ ಕೂತು ಅದನ್ನು ಅವನ ಕಾಲಿಗೆ ಮತ್ತೆ ತೊಡಿಸಿದಳು. ತೋಳು ಹಿಡಿದು ಸೀಟಿನಲ್ಲಿ ಕೂಡಿಸಿದಳು. ನಾನು ಇಳಿದು ಜಾಗ ಬಿಟ್ಟೆ. ಅವ್ವ ಆ ಕಡೆಯಿಂದ ಹತ್ತಿ ಸ್ಟೀರಿಂಗ್ ಹಿಡಿದಳು.

ಗಾಡಿ ಮಾತ್ರ ಹೊರಡಲಿಲ್ಲ. ಬಗ್ಗಿ ನೋಡಿದೆ. ಒಳಗಿನ ಹಾಸು ಹೊಲಸಾದೀತೆಂದು ಮುತ್ಯಾ ಎರಡೂ ಕಾಲನ್ನು ನೆಲಕ್ಕೆ ತಾಗಿಸದೆ ಮೇಲೆತ್ತಿ ಹಿಡಿದಿದ್ದ. ಆ ಬಡಕಲು ಕಾಲು ನಡುಗುತ್ತಿದ್ದವು.

"ಕಾಲ್ ಊರಪ್ಪಾ," ಅಂದಳು ಅವ್ವ. "ನೀ ಊರೂತನಕ ನಾ ಬಿಡಂಗಿಲ್ಲ."

ಎಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ಅವ್ವ ಕಾದಳು. ಮುತ್ಯಾ ಮೊದಲು ಒಂದು ಕಾಲು ಊರಿದ, ಆಮೇಲೆ ಇನ್ನೊಂದು. ಆಗ ಗಾಡಿ ಬಿಟ್ಟಳು.