ನೂರಿಪ್ಪತ್ತೇಳು ಡಿಗ್ರಿಯ ಕಚೇರಿ

ಕೌನ್ಸಿಲ್ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಟ್ಯಾಮ್ಸಿನ್ ಆಜರ್ಸ್‌ಗೆ ಒಂದು ಸಣ್ಣ ಅಭ್ಯಾಸವಿತ್ತು. ಬೆಳಿಗ್ಗೆ ಕಚೇರಿಗೆ ಬಂದವಳೇ, ಹೆಗಲ ಚೀಲ ಇಳಿಸುವ ಮೊದಲು, ಪ್ರವಾಹ ಎಚ್ಚರಿಕೆಯ ಕಂಪ್ಯೂಟರಿನ ಮೇಲೆ ಬೆರಳುಗಳ ಹಿಂಬದಿ ತಾಗಿಸಿ ನೋಡುತ್ತಿದ್ದಳು, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ. ಉತ್ತರ ಕ್ವೀನ್ಸ್‌ಲ್ಯಾಂಡಿನ ಕುರಾಬೀ ಊರಿನ ಕೌನ್ಸಿಲ್‌ನ ಸುರಕ್ಷತಾ ನಿಯಮಾವಳಿಯ ಪ್ರಕಾರ ಕೈಯು ಮಾನ್ಯತೆ ಪಡೆದ ಮಾಪನ ಉಪಕರಣವಲ್ಲ. ಆದ್ದರಿಂದ ಯಾರೂ ನೋಡದಿರುವಾಗ ಮುಟ್ಟುತ್ತಿದ್ದಳು.

ಆ ಕಂಪ್ಯೂಟರಿಗೆ ಇದ್ದದ್ದು ಒಂದೇ ಕೆಲಸ. ಹೊಳೆಯ ನೀರು ಗುರುತು ಮೀರಿದರೆ ಕೆಳದಂಡೆಯ ಸೈರನ್ ಕೂಗಿಸುವುದು. ಕೆಳದಂಡೆಯಲ್ಲಿದ್ದದ್ದು ಕಾರವಾನ್ ಪಾರ್ಕು. ಗಾಲಿಯ ಮೇಲಿನ ಮನೆಗಳು ನಿಜ, ಆದರೆ ಗಾಲಿಗಳ ಗಾಳಿ ಹೋಗಿ ಕಾಲವಾಗಿತ್ತು. ಒಂದು ಮನೆ ಟ್ಯಾಮ್ಸಿನ್‌ಳದು. ಪಕ್ಕದ್ದು ಮುದುಕ ವೆರ್ನ್‌ನದು. ಕಬ್ಬಿನ ಲಾರಿ ಓಡಿಸಿ ನಿವೃತ್ತನಾದವನು, ಈಗ ಆಮ್ಲಜನಕದ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಕೂರುವವನು. ಹಿಂದಿನ ಮಳೆಗಾಲದಲ್ಲಿ ಸೈರನ್ ಕೂಗಿದ್ದಕ್ಕೆ ಎಲ್ಲರೂ ಉಟ್ಟ ಬಟ್ಟೆಯಲ್ಲೇ ಶಾಲೆಯ ದಿಬ್ಬ ಹತ್ತಿ ಬದುಕಿಕೊಂಡಿದ್ದರು. ಆಮೇಲೆ ಹಲ್ಲಿಯೊಂದು ಹಳೆಯ ಕಂಪ್ಯೂಟರಿನೊಳಗೆ ಹೊಕ್ಕು, ತಾನೂ ಸತ್ತು ಅದನ್ನೂ ಸಾಯಿಸಿತು. ಹೊಸದು ಬಂತು. ಕೈಯಿಂದ ಸೈರನ್ ಒತ್ತುವ ಹಳೆಯ ಗುಂಡಿಯು ಆಧುನಿಕವಾಗಿ ಕಾಣುವುದಿಲ್ಲವೆಂಬ ಕಾರಣಕ್ಕೆ ಅದನ್ನು ಕಿತ್ತುಹಾಕಲಾಯಿತು.

ಹೊಸ ಕಂಪ್ಯೂಟರಿನ ಮದರ್‌ಬೋರ್ಡ್ ಎಷ್ಟು ಹೊಸದೆಂದರೆ, ಅದರ ಬಿಸಿ ಅಳೆಯುವ, ಫ್ಯಾನಿನ ಸುತ್ತು ಎಣಿಸುವ ಸೆನ್ಸರುಗಳ ಮಾತು ತಿಳಿಯುವ ಡ್ರೈವರ್ ತಂತ್ರಾಂಶವನ್ನು ಲೋಕದಲ್ಲಿ ಯಾರೂ ಇನ್ನೂ ಬರೆದಿರಲಿಲ್ಲ. ಟ್ಯಾಮ್ಸಿನ್ ಅದರ ದಾಯಾದಿ ಬೋರ್ಡೊಂದರ ಡ್ರೈವರನ್ನು ಪುಸಲಾಯಿಸಿ ತಂದು ಕೂರಿಸಿದಳು. ಅದು ಅರ್ಧ ಅರ್ಥಮಾಡಿಕೊಂಡು, ಉಳಿದರ್ಧಕ್ಕೆ ಬಾಯಿಗೆ ಬಂದದ್ದು ಹೇಳಿತು. ಪ್ರೊಸೆಸರಿನ ಬಿಸಿ ನಲವತ್ತೈದು ಡಿಗ್ರಿ. ಇದು ಸರಿ. ಫ್ಯಾನು ಸೊನ್ನೆ ಸುತ್ತು. ಫ್ಯಾನು ಮಾತ್ರ ಗುಂಯ್ ಎನ್ನುತ್ತಲೇ ಇತ್ತು. ಇನ್ನೊಂದು ಕಡೆ ನೂರಿಪ್ಪತ್ತೇಳು ಡಿಗ್ರಿ. ಆ ಇನ್ನೊಂದು ಕಡೆ ಸೆನ್ಸರೇ ಇರಲಿಲ್ಲ, ಬರಿಯ ಖಾಲಿ ಪಿನ್ನು. ಖಾಲಿ ಪಿನ್ನನ್ನು ವಿಚಾರಿಸಿದರೆ ಬೋರ್ಡಿನ ಅಳತೆಯ ಚಿಪ್ ತನಗೆ ಗೊತ್ತಿರುವ ಅತಿ ದೊಡ್ಡ ಅಂಕಿ ಒದರಿ ಸುಮ್ಮನಾಗುತ್ತದೆ.

ಪಾರದರ್ಶಕತೆಯ ನಿಯಮದಂತೆ ಇವೆಲ್ಲ ಕಚೇರಿಯ ಗೋಡೆಯ ದೊಡ್ಡ ಪರದೆಯ ಮೇಲೆ ಮೂಡಿದವು.

"ಒಂದು ಸಾಲು ಬರೆದ್ರೆ ಮುಗೀತು, ಡೆಸ್. ಆ ಅಂಕಿ ಕಾಣೋದೇ ಇಲ್ಲ," ಎಂದಳು ಟ್ಯಾಮ್ಸಿನ್.

ಸುರಕ್ಷತಾಧಿಕಾರಿ ಡೆಸ್ ಹ್ಯಾನಫರ್ಡ್ ಕನ್ನಡಕವನ್ನು ಹಣೆಗೇರಿಸಿದ. "ಅಪಾಯ ಕಣ್ಣಿಗೆ ಕಾಣ್ತಿದೆ. ಅದನ್ನ ಕಾಣದ ಹಾಗೆ ಮಾಡ್ತೀನಿ ಅಂತೀಯ. ಅದಕ್ಕೇನಂತಾರೆ ಗೊತ್ತೇನಮ್ಮಾ? ಅಪರಾಧ."

"ಅಲ್ಲಿ ಏನೂ ಇಲ್ಲ ಡೆಸ್. ಖಾಲಿ ಜಾಗ."

"ಏನೂ ಇಲ್ಲದ ಕಡೇನೇ ನೂರಿಪ್ಪತ್ತೇಳು ಅಂದ್ರೆ, ಏನಾದ್ರೂ ಇದ್ದಿದ್ರೆ ನಮ್ಮ ಗತಿ?"

ಟ್ಯಾಮ್ಸಿನ್‌ಗೆ ಉತ್ತರಗಳು ಹೊಳೆಯುತ್ತಿದ್ದದ್ದು ಮನೆಗೆ ಹೋಗಿ ಪಾತ್ರೆ ತೊಳೆಯುವಾಗ.

ಅಷ್ಟರಲ್ಲಿ ನೌಕರರ ಸಂಘದ ಮಿಕ್ ಫೊಗಾರ್ಟಿ ಪರದೆಯನ್ನು ನೋಡಿದ. ಸಂಘವು ಹಿಂದೆ ರಸ್ತೆ ಕೆಲಸದವರಿಗಾಗಿ ಹೋರಾಡಿ ಗಳಿಸಿದ ಒಪ್ಪಂದ ಹೀಗಿತ್ತು: "ಕೆಲಸದ ಸ್ಥಳದ ಯಾವುದೇ ಮಾಪಕವು ಮೂವತ್ತೈದು ಡಿಗ್ರಿ ಮೀರಿ ತೋರಿಸಿದಲ್ಲಿ, ಅಲ್ಲಿರುವ ನೌಕರರು ಸಲಕರಣೆ ಕೆಳಗಿಟ್ಟು, ಸಂಬಳಸಹಿತ ನಿರ್ಗಮಿಸತಕ್ಕದ್ದು."

"ಸಲಕರಣೆ ಕೆಳಗಿಡ್ರಪ್ಪೋ! ಜೀವಕ್ಕಿಂತ ಹೆಚ್ಚಲ್ಲ ಕೆಲಸ!" ಎಂದ ಮಿಕ್.

ಎಸಿಯ ತಂಪಿನಲ್ಲಿ ಕಾರ್ಡಿಗನ್ ತೊಟ್ಟು ಕುಳಿತಿದ್ದ ಗುಮಾಸ್ತರು ಸ್ಟೇಪ್ಲರುಗಳನ್ನು ಗಂಭೀರವಾಗಿ ಕೆಳಗಿಟ್ಟು ಪಬ್ಬಿಗೆ ನಡೆದರು. ಹೊರಗೆ ರಸ್ತೆಯಲ್ಲಿ ಕಾದ ಟಾರು ಎಳೆಯುತ್ತಿದ್ದವರು ಎಳೆಯುತ್ತಲೇ ಇದ್ದರು. ಅವರ ಅಧಿಕೃತ ಥರ್ಮಾಮೀಟರು ಮಾವಿನ ಮರದ ದಟ್ಟ ನೆರಳಲ್ಲಿ ತೂಗುತ್ತಿತ್ತು. ಮೂವತ್ನಾಲ್ಕರ ಆಚೆ ಹೋಗುವ ಕೆಟ್ಟ ಚಾಳಿ ಅದಕ್ಕಿರಲಿಲ್ಲ.

ಮರುದಿನವೂ ನೂರಿಪ್ಪತ್ತೇಳು. ಅದರ ಮರುದಿನವೂ. ಗುಮಾಸ್ತರು ಬಂದು, ಪರದೆ ನೋಡಿ, ಅಷ್ಟು ಬಿಸಿಯನ್ನು ಸಹಿಸಿಕೊಂಡು ಹಾಜರಿ ಹಾಕಿ ಹೋಗುತ್ತಿದ್ದರು. ನಾಯಿ ಲೈಸೆನ್ಸ್ ನವೀಕರಿಸಲು ಬಂದ ಊರವರು ಬಾಗಿಲ ಹೊರಗೆ ನಾಯಿಗಳ ಸಮೇತ ಸಾಲುಗಟ್ಟಿದಾಗ ಮುಖ್ಯಾಧಿಕಾರಿ ಗ್ಲೆನಿಸ್ ಪರ್ಟೆಲ್ ಎಚ್ಚೆತ್ತು, ಬ್ರಿಸ್ಬೇನಿನಿಂದ ಸಲಹೆಗಾರನೊಬ್ಬನನ್ನು ಕರೆಸಿದಳು. ಆತ ಪರದೆಯ ಮುಂದೆ ಒಂದು ಕಾಫಿ ಕುಡಿದು, ಅಳತೆಯಿಂದ ನೂರೈದನ್ನು ಕಳೆದರೆ ಹಿತವಾದ ಇಪ್ಪತ್ತೆರಡು ಉಳಿಯುತ್ತದೆಂದು ತಿಳಿಸಿ ವಿಮಾನ ಹತ್ತಿದ.

"ಹಾಗಾದ್ರೆ ಆ ಒಂದು ಅಂಕಿಯಿಂದ ಮಾತ್ರ ಕಳೀತೀನಿ," ಎಂದಳು ಟ್ಯಾಮ್ಸಿನ್.

"ಒಂದಕ್ಕೊಂದು ನ್ಯಾಯ, ಇನ್ನೊಂದಕ್ಕೊಂದು ನ್ಯಾಯವಾ?" ಗ್ಲೆನಿಸ್‌ಗೆ ನೋವಾಯಿತು. "ಈ ಕೌನ್ಸಿಲ್‌ನಲ್ಲಿ ತಾರತಮ್ಯ ಇಲ್ಲ ಕಣಮ್ಮ. ಕಳೆಯೋದಾದ್ರೆ ಎಲ್ಲದರಿಂದಲೂ ಕಳಿ."

ಟ್ಯಾಮ್ಸಿನ್ ಕಳೆದಳು. ಖಾಲಿ ಪಿನ್ನು ಇಪ್ಪತ್ತೆರಡಕ್ಕೆ ಇಳಿದು ಸಭ್ಯವಾಯಿತು. ಪ್ರೊಸೆಸರು ಮೈನಸ್ ಅರವತ್ತಕ್ಕೆ ಬಿತ್ತು. ಸಂಜೆಯೊಳಗೆ ಪ್ರಕಟಣೆ ಹೊರಟಿತು:

"ಕಚೇರಿಯ ಉಷ್ಣಾಂಶವು ಮೈನಸ್ ಅರವತ್ತಕ್ಕೆ ಇಳಿದಿರುವುದು ಆಡಳಿತದ ಗಮನಕ್ಕೆ ಬಂದಿದೆ. ಮುಂದಿನ ಆದೇಶದವರೆಗೆ ಎಸಿ ಬಳಕೆಯನ್ನು ನಿಷೇಧಿಸಲಾಗಿದೆ. ಕಿಟಕಿ ತೆರೆಯುವವರು ಸಹೋದ್ಯೋಗಿಗಳ ಹೆಪ್ಪುಗಟ್ಟುವಿಕೆಗೆ ವೈಯಕ್ತಿಕವಾಗಿ ಹೊಣೆಗಾರರಾಗುತ್ತಾರೆ."

ವರ್ಷವಿಡೀ ಸೆಕೆಯ ಉತ್ತರ ಕ್ವೀನ್ಸ್‌ಲ್ಯಾಂಡಿನ ಅಂಗಡಿಗಳಲ್ಲಿ ಹೀಟರ್ ಸಿಗದ್ದರಿಂದ ದೂರದ ದಕ್ಷಿಣದ ಚಳಿನಾಡು ಟಾಸ್ಮೇನಿಯಾದಿಂದ ತರಿಸಲಾಯಿತು. ಅತಿ ಹೆಚ್ಚು ಚಳಿ ದಾಖಲಾದ ಸ್ಥಳ ಕಂಪ್ಯೂಟರೇ ಆದ್ದರಿಂದ ಅತಿ ದೊಡ್ಡ ಹೀಟರನ್ನು ಅದರ ಪಕ್ಕಕ್ಕೇ ಇಡಲಾಯಿತು. ಮಿಕ್ ಚಳಿ ಭತ್ಯೆ ಗೆದ್ದುಕೊಟ್ಟ. ಹತ್ತು ಗಂಟೆಯ ವಿರಾಮಕ್ಕೆ ಕುಂಬಳಕಾಯಿಯ ಬಿಸಿ ಸೂಪು ಬಂತು. ಎಲ್ಲರೂ ಉಣ್ಣೆಯ ಸ್ಕಾರ್ಫಿನಿಂದ ಬೆವರು ಒರೆಸಿಕೊಳ್ಳುತ್ತ ದುಡಿದರು.

"ಚಳೀಲಿ ಹಿಂಗೆ ಬೆವರಿದ್ದು ನನ್ನ ಜನ್ಮದಲ್ಲೇ ಇಲ್ಲ," ಎಂದ ಮಿಕ್.

"ಥಂಡಿ ಒಳಗಿಳಿದಿದೆ ಗುರು. ಇನ್ನೊಂದು ಸ್ಕಾರ್ಫ್ ಸುತ್ಕೋ," ಎಂದ ಡೆಸ್.

ಮಳೆಗಾಲದ ಮೊದಲ ಮಳೆ ಸೋಮವಾರ ಬೆಳಿಗ್ಗೆ ತಗಡಿನ ಮೇಲೆ ಜಲ್ಲಿ ಸುರಿದಂತೆ ಬಿತ್ತು. ಸೂಪಿನ ಹೊತ್ತಿಗೆ ಟ್ಯಾಮ್ಸಿನ್‌ಗೆ ಏನೋ ಕಡಿಮೆಯಾದಂತೆ ಅನಿಸಿತು. ಗುಂಯ್ ಎನ್ನುವ ಸದ್ದು ಇರಲಿಲ್ಲ. ಹೀಟರಿನ ಎದುರು ತಿರುಗಿ ತಿರುಗಿ ಸೋತ ಫ್ಯಾನು ನಿಂತುಹೋಗಿತ್ತು. ಪರದೆಯ ಮೇಲೆ ಮಾತ್ರ ಯಾವ ಬದಲಾವಣೆಯೂ ದಾಖಲಾಗಲಿಲ್ಲ. ಫ್ಯಾನಿನದು ಮೊದಲಿನಿಂದಲೂ ನಿಂತ ಲೆಕ್ಕವೇ.

ಬದಲಾದದ್ದು ಚಳಿ. ಮೈನಸ್ ನಲವತ್ತು. ಮೈನಸ್ ಇಪ್ಪತ್ತೈದು. ಮೈನಸ್ ಹನ್ನೆರಡು.

"ಚಳಿ ಬಿಡ್ತಾ ಇದೆ!" ಯಾರೋ ಕೂಗಿದರು. ಸ್ಕಾರ್ಫುಗಳು ಗಾಳಿಯಲ್ಲಿ ಹಾರಿದವು. ಗ್ಲೆನಿಸ್ ಕೋಣೆಯಿಂದ ಹೊರಬಂದು ಚಪ್ಪಾಳೆ ತಟ್ಟಿದಳು.

ಟ್ಯಾಮ್ಸಿನ್ ಈ ಸಲ ಎಲ್ಲರ ಮುಂದೆಯೇ ಕಂಪ್ಯೂಟರನ್ನು ಮುಟ್ಟಿ ಚಟ್ಟನೆ ಕೈ ಹಿಂದೆಳೆದುಕೊಂಡಳು. "ಡೆಸ್, ಅದು ಮೈನಸ್ ಹನ್ನೆರಡಲ್ಲ, ತೊಂಬತ್ಮೂರು! ಸುಡ್ತಾ ಇದೆ! ಕೈ ಇಟ್ಟು ನೋಡಿ ಬೇಕಾದ್ರೆ."

"ಕೈ ಇಡೋಕೆ ನನಗೆ ಮಾನ್ಯತೆ ಇಲ್ಲ ಕಣಮ್ಮ," ಎಂದ ಡೆಸ್ ಅಕ್ಕರೆಯಿಂದ. "ಹಿಮ ಮುಟ್ಟಿದ್ರೂ ಸುಟ್ಟ ಹಾಗೇ ಆಗುತ್ತೆ. ಬಿಸಿ ಸೂಪು ಕುಡಿ."

ಅವಳು ಹೀಟರಿನ ತಂತಿ ಕಿತ್ತೆಸೆದಳು. ತಡವಾಗಿತ್ತು. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಡೆಸ್ ಕನ್ನಡಕ ಇಳಿಸಿ ಕಪ್ಪು ಪರದೆಯನ್ನು ಮೂಲೆಯಿಂದ ಮೂಲೆಗೆ ಪರಿಶೀಲಿಸಿ ಘೋಷಿಸಿದ: "ಯಾವುದೇ ಅಪಾಯ ದಾಖಲಾಗಿಲ್ಲ."

ಉಷ್ಣಾಂಶದ ಸಮಸ್ಯೆಯು ಶಾಶ್ವತವಾಗಿ ಬಗೆಹರಿದಿದೆ ಎಂದು ಗ್ಲೆನಿಸ್ ಪ್ರಕಟಿಸಿದಳು. ತೆಂಗಿನತುರಿಯಲ್ಲಿ ಹೊರಳಿಸಿದ ಚಾಕಲೇಟ್ ಕೇಕು ತರಿಸಲಾಯಿತು. ಎಸಿ ಮತ್ತೆ ಶುರುವಾಗಿ ಎಲ್ಲರ ಮುಖದಲ್ಲೂ ಕಳೆ ಬಂತು. ಕಪ್ಪು ಪರದೆಯನ್ನು ಹೀಗೆಯೇ ಉಳಿಸಿಕೊಳ್ಳಬೇಕೆಂದು ಮಿಕ್ ಸೂಚಿಸಿದ, ಡೆಸ್ ಅನುಮೋದಿಸಿದ.

ಟ್ಯಾಮ್ಸಿನ್‌ಳ ಫೋನು ಮೊಳಗಿತು. ವೆರ್ನ್.

"ಏನೇ ಹುಡುಗಿ, ನೀರು ನನ್ನ ಮೆಟ್ಟಿಲಿಗೆ ಬಂದಿದೆ," ಎಂದ, ಉಸಿರು ಎಳೆದೆಳೆದು. "ಆದ್ರೆ ಸೈರನ್ ಕೂಗಿಲ್ಲ. ಕೂಗಿಲ್ಲ ಅಂದ್ಮೇಲೆ ಭಯ ಇಲ್ಲ, ಅಲ್ವಾ? ಎಲ್ಲಾರೂ ಹಾಗೇ ಅಂದ್ಕೊಂಡು ಒಳಗೇ ಕೂತಿದೀವಿ."

"ಭಯ ಇದೆ ವೆರ್ನ್! ಹೊರಡಿ, ಎಲ್ಲರಿಗೂ ಹೇಳಿ..."

"ಈ ಸಿಲಿಂಡರ್ ಹೊತ್ಕೊಂಡು ಯಾರ ಮನೆಗೆ ಹೋಗಿ ಹೇಳ್ಲಿ? ಸೈರನ್ ಕೂಗಿಸೇ ಮೊದಲು." ಫೋನು ಕಟ್ಟಾಯಿತು.

ಟ್ಯಾಮ್ಸಿನ್ ಸುಟ್ಟ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೇಕಿನ ಮೇಜಿನ ಹತ್ತಿರ ಬಂದಳು. ಆ ದಿನದವರೆಗೆ ಇಷ್ಟು ಜನರ ನಡುವೆ ಅವಳು ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿದವರಿರಲಿಲ್ಲ.

"ಮಿಕ್, ನಿನ್ನ ಪಿಕಪ್ ಗಾಡಿಯ ಕೀ ಕೊಡ್ತೀಯಾ? ಕಂಪ್ಯೂಟರು ಸತ್ತಿದೆ, ಸೈರನ್ ಕೂಗಲ್ಲ. ಹೊಳೆ ಕಡೆ ಹಾರ್ನ್ ಹೊಡ್ಕೊಂಡು ಹೋಗ್ಬೇಕು."

ಮಿಕ್‌ನ ಬಾಯಿ ತುಂಬ ಕೇಕಿತ್ತು. ಅವನು ಗ್ಲೆನಿಸ್‌ಳ ಮುಖ ನೋಡಿದ. ಗ್ಲೆನಿಸ್ ಡೆಸ್‌ನ ಮುಖ ನೋಡಿದಳು. ಡೆಸ್, ಪರದೆಯನ್ನು ನೋಡಿದ.

"ಮಿಕ್, ಕೀ ಕೊಡೋ," ಎಂದಳು ಟ್ಯಾಮ್ಸಿನ್, ಕೈ ಚಾಚಿ.