ಹೊನ್ನೇಶನ ಅರಿಶಿನ ಕಾಮಾಲೆ

ಬೀದಿ ನಾಟಕದಲ್ಲಿ ಹೊನ್ನೇಶನದು ಕಾಮಾಲೆ ರೋಗಿಯ ಪಾತ್ರ. ಹೆಂಡತಿ ತ್ರಿವೇಣಿಯಿಂದ ಹಸಿ ಅರಿಶಿನ ಅರೆಸಿ, ಮುಖ, ಕತ್ತು, ಕೈಗೆಲ್ಲ ಬಳಿದುಕೊಂಡ. ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿತ್ತು. "ಬಂದು ಉಣ್ತೀನಿ" ಎಂದು ಹೊರಡುವಷ್ಟರಲ್ಲಿ ಫೋನ್ ಬಂತು: ತಂಡದ ವ್ಯಾನು ಕಡೂರಿನಲ್ಲೇ ಕೆಟ್ಟಿದೆ, ನಾಟಕವಿಲ್ಲ.

ನಾಟಕ ಹಾಳಾಗಲಿ, ಮಧ್ಯಾಹ್ನ ಹಿರೇನಲ್ಲೂರಿನ ಶಾಲೆಯಲ್ಲಿ ಹೆಪಟೈಟಿಸ್ ರಕ್ತಪರೀಕ್ಷೆಯ ಶಿಬಿರವಿತ್ತು. ಐವತ್ತು ಜನರನ್ನು ಕರೆತರುವುದಾಗಿ ಡಾಕ್ಟರ್ ಸ್ಫೂರ್ತಿಗೆ ಅವನು ಮಾತು ಕೊಟ್ಟಿದ್ದ. ತನ್ನೂರಿನಲ್ಲೇ ಮಾನ ಹೋದೀತೆಂಬ ದಿಗಿಲು. ಮುಖ ಎಷ್ಟು ತೊಳೆದರೂ ಅರಿಶಿನ ಬಿಡಲಿಲ್ಲ. ಹಾಗೆಯೇ ಜನರನ್ನು ಕರೆಯಲು ಬೀದಿಗಿಳಿದ.

"ಕಣ್ಣು ಹಳದಿಯಾದ್ರೆ ಮಾತ್ರ ಕಾಯಿಲೆ ಅಲ್ಲ ಕಣ್ರೀ. ವರ್ಷಗಟ್ಲೆ ಒಳಗೇ ಕೂತಿರ್ತದೆ, ಗೊತ್ತೇ ಆಗಲ್ಲ..."

"ನಿಂದು ಊರಿಗೆಲ್ಲ ಗೊತ್ತಾಗೈತೆ!" ಎಂದು ಪಕ್ಕದ ಮನೆಯ ಚಿಕ್ಕಬೀರಪ್ಪ ಹೌಹಾರಿದ.

"ಇದು ಅರಿಶಿನ ಕಣಣ್ಣ!"

"ಪಾಪ, ತಲೆಗೂ ಏರೈತೆ."

ನಾಲ್ಕು ಜನ ಸೇರಿ ಅವನನ್ನು ಸೋದರತ್ತೆ ಅಂಬಮ್ಮನ ಅಂಗಳಕ್ಕೆ ಎಳೆದೊಯ್ದರು. ಅಂಬಮ್ಮ ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುವವಳು. ಅವಳ ಔಷಧಿಯನ್ನು ಮಾತಾಡದೆ ಕುಡಿಯಬೇಕೆಂಬುದು ಕಟ್ಟುನಿಟ್ಟು.

"ಮೂಡಗಡೆ ತಿರುಗು. ಮಾತಾಡಿದ್ರೆ ಇನ್ನೊಂದು ಲೋಟ."

"ಅತ್ತೆ, ಇದು ಅರಿ..."

ಇನ್ನೊಂದು ಲೋಟ ಬಂತು. ಮೂರನೆಯದಕ್ಕೆ ಹೊನ್ನೇಶ ಸತ್ಯದ ಸಹವಾಸ ಬಿಟ್ಟ.

"ಇಪ್ಪತ್ತೊಂದು ದಿನ ಉಪ್ಪು, ಖಾರ, ಜಿಡ್ಡು ಮುಟ್ಟಬ್ಯಾಡ ಕಣೋ" ಎಂದಳು ಅಂಬಮ್ಮ.

ಶಿಬಿರದಲ್ಲಿ ಡಾಕ್ಟರ್ ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ರೇಗಿಹೋಗಿ ಹೊನ್ನೇಶ ತನ್ನದೇ ರಕ್ತ ಕೊಟ್ಟ. ಫಲಿತಾಂಶದ ಚೀಟಿ ಹಿಡಿದು ಬೀದಿಗೆ ಓಡಿದ. "ನೋಡ್ರಪ್ಪಾ, ನಂಗೇನೂ ಇಲ್ಲ!"

ಚಿಕ್ಕಬೀರಪ್ಪ ಚೀಟಿ ಓದಿ ಕಣ್ಣರಳಿಸಿದ. "ಬೆಳಿಗ್ಗೆ ಬಾಳೆಹಣ್ಣಾಗಿದ್ದ. ಮೂರೇ ಲೋಟಕ್ಕೆ ರಕ್ತ ಶುದ್ಧ ಆಗೋಯ್ತು!"

ಬೀದಿಗೆ ಬೀದಿಯೇ ಅಂಬಮ್ಮನ ಅಂಗಳಕ್ಕೆ ನುಗ್ಗಿತು. ಹೊನ್ನೇಶ ಶಾಲೆಯ ಜಗಲಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತ.

ಸ್ವಲ್ಪ ಹೊತ್ತಿಗೆ ಆ ಜನವೆಲ್ಲ ಶಾಲೆಗೆ ಬಂತು. ಮುಂದೆ ಅಂಬಮ್ಮನೇ ಇದ್ದಳು. "ಊರಿಗೆಲ್ಲ ಸೊಪ್ಪು ಎಲ್ಲಿಂದ ತರ್ಲಿ? ಮೊದ್ಲು ಚೀಟಿ ಮಾಡ್ಸಿ. ಕಾಯಿಲೆ ಐತೆ ಅಂದ್ರೆ ಡಾಕ್ಟ್ರಮ್ಮ ಹೇಳ್ದಂಗೆ ಕೇಳಿ." ಮೊದಲು ತನ್ನ ಕೈಯನ್ನೇ ಚಾಚಿದಳು.

ಸಂಜೆಗೆ ಎಪ್ಪತ್ತೆರಡು ಜನರ ಪರೀಕ್ಷೆಯಾಯಿತು. ಡಾಕ್ಟರಿಗೆ ಖುಷಿಯೋ ಖುಷಿ. ಉಳಿದವರಿಗಾಗಿ ನಾಳೆಯೂ ಶಿಬಿರವೆಂದರು. ಹೊನ್ನೇಶನ ಎದೆ ತುಂಬಿ ಬಂತು, ಹೊಟ್ಟೆ ಮಾತ್ರ ಖಾಲಿಯಿತ್ತು.

ಮನೆಯಲ್ಲಿ, ಪಥ್ಯ ನೋಡಿಕೊಳ್ಳಲೆಂದು ಬಂದಿದ್ದ ಚಿಕ್ಕಬೀರಪ್ಪ ಕೋಳಿ ಕಾಲು ಚೀಪುತ್ತಿದ್ದ. ಹೊನ್ನೇಶನ ತಟ್ಟೆಗೆ ತ್ರಿವೇಣಿ ಉಪ್ಪಿಲ್ಲದ ಮಜ್ಜಿಗೆ ಅನ್ನ ಬಡಿಸಿದಳು.

"ಅರಿಶಿನ ಅರೆದೋಳು ನೀನೇ ಅಲ್ವೇನೇ?" ಎಂದು ಅವನು ಪಿಸುಗುಟ್ಟಿದ.

"ಮೆಲ್ಲಗೆ ಮಾತಾಡ್ರೀ" ಎಂದು ತ್ರಿವೇಣಿ ಕಿವಿಯ ಹತ್ತಿರ ಬಗ್ಗಿದಳು. "ನೀವು ಪಥ್ಯ ಮುರಿದ್ರೆ ಕಾಯಿಲೇನೇ ಸುಳ್ಳು ಅಂತಾರೆ. ಆಮೇಲೆ ನಾಳೆ ಶಿಬಿರಕ್ಕೆ ಯಾರು ಬತ್ತಾರೆ?"

ಹೊನ್ನೇಶ ಮೂಡಗಡೆ ತಿರುಗಿ, ಮಾತಾಡದೆ ಉಂಡ.